ಅರವತ್ತೇಳರಿಂದ ಕಾಯುತ್ತಿರುವ ಊರು

2025ರ ಮೇ 18ರ ರಾತ್ರಿ ಟೊರಾಂಟೊದ ಸ್ಕೋಷಿಯಾಬ್ಯಾಂಕ್ ಅರೆನಾದಲ್ಲಿ ಗ್ಯಾಲರಿಯಿಂದ ನೀಲಿ ಜರ್ಸಿಗಳು ಮಂಜಿನ ಅಂಕಣದ ಮೇಲೆ ಬಂದು ಬಿದ್ದವು. ಒಂದೊಂದೂ ಹತ್ತು ಸಾವಿರ ರೂಪಾಯಿ ದಾಟುವ ಅಂಗಿ. ಫ್ಲಾರಿಡಾ ಪ್ಯಾಂಥರ್ಸ್ ವಿರುದ್ಧದ ಸರಣಿಯ ಮೊದಲೆರಡು ಪಂದ್ಯ ಗೆದ್ದು ಆಸೆ ಹುಟ್ಟಿಸಿದ್ದ ಮೇಪಲ್ ಲೀಫ್ಸ್ ಹಾಕಿ ತಂಡ, ಏಳನೆಯ ಹಾಗೂ ನಿರ್ಣಾಯಕ ಪಂದ್ಯವನ್ನು ತನ್ನೂರಿನಲ್ಲೇ 6-1ರಿಂದ ಕೈಚೆಲ್ಲಿತ್ತು. ಅಂಗಿ ಬಿಚ್ಚಿ ಎಸೆದವರಲ್ಲಿ ಎಷ್ಟು ಜನ ಅಕ್ಟೋಬರ್‌ನಲ್ಲಿ ಮುಂದಿನ ಋತು ಶುರುವಾಗುವ ಹೊತ್ತಿಗೆ ಹೊಸದೊಂದನ್ನು ಕೊಂಡರು ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಊಹಿಸಲು ಜ್ಯೋತಿಷಿ ಬೇಕಿಲ್ಲ.

ಹಾಕಿ ಎಂದೊಡನೆ ಕನ್ನಡದ ಓದುಗರ ಕಣ್ಣಿಗೆ ಕಟ್ಟುವುದು ಕೊಡಗಿನ ಮೈದಾನ. ಕೆನಡಾದಲ್ಲಿ ಆ ಪದಕ್ಕೆ ಅರ್ಥವೇ ಬೇರೆ. ಹೆಪ್ಪುಗಟ್ಟಿದ ನೀರಿನ ಮೇಲೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಬಡಿಯುವ ಆಟ ಅದು. ಚಳಿಗಾಲವಿಡೀ ಲೀಗ್ ಪಂದ್ಯಗಳು ನಡೆದು, ಏಪ್ರಿಲ್‌ನಲ್ಲಿ ಹದಿನಾರು ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಒಂದೊಂದು ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಹೀಗೆ ನಾಲ್ಕು ಸುತ್ತು ದಾಟಿದವರಿಗೆ ಸ್ಟ್ಯಾನ್ಲಿ ಕಪ್. ಟೊರಾಂಟೊಗೆ ಆ ಕಪ್ ಕೊನೆಯ ಸಲ ಬಂದದ್ದು 1967ರ ಮೇ 2ರಂದು.

ಇಷ್ಟು ದೀರ್ಘಕಾಲ ಸೋತ ಊರಿನಲ್ಲಿ ಸೋಲುವುದಕ್ಕೂ ಒಂದು ಸಂಪ್ರದಾಯ ಬೆಳೆದುಬಿಡುತ್ತದೆ. ಅದರ ಬೇರು ಮಾತ್ರ ಗೆಲುವಿನ ಕಾಲದಲ್ಲೇ ಇದೆ.

1927ರಲ್ಲಿ ಕಾನ್ ಸ್ಮೈದ್ ಎಂಬ ಹಟಮಾರಿ, ಸೇಂಟ್ ಪ್ಯಾಟ್ರಿಕ್ಸ್ ಎಂಬ ತಂಡವನ್ನು ಕೊಂಡು ಮೇಪಲ್ ಲೀಫ್ಸ್ ಎಂದು ಹೆಸರು ಬದಲಿಸಿದ. ಮಹಾ ಆರ್ಥಿಕ ಕುಸಿತದ ನಡುವೆಯೇ, ಅರ್ಧ ವರ್ಷದೊಳಗೆ, ಕಾರ್ಲ್ಟನ್ ಬೀದಿಯಲ್ಲಿ ಮೇಪಲ್ ಲೀಫ್ ಗಾರ್ಡನ್ಸ್ ಎಂಬ ದೊಡ್ಡ ಅರೆನಾ ಕಟ್ಟಿಸಿದ. ಕೈಯಲ್ಲಿ ಹಣ ಸಾಲದೆ ಕೂಲಿಯ ಒಂದು ಪಾಲನ್ನು ಕಂಪನಿಯ ಷೇರುಗಳಲ್ಲಿ ಕೊಟ್ಟ. 1931ರ ನವೆಂಬರ್ 12ರಂದು ಅಲ್ಲಿ ನಡೆದ ಮೊದಲ ಪಂದ್ಯದಲ್ಲಿ ಶಿಕಾಗೊ ಎದುರು ತಂಡ 2-1ರಿಂದ ಸೋತಿತು. ಅಪಶಕುನ ಎನ್ನುವವರು ಎನ್ನಲಿ, ಆ ಋತು ಮುಗಿಯುವಷ್ಟರಲ್ಲಿ ಕಪ್ ಮನೆಗೆ ಬಂದಿತ್ತು. ಒಳಗೆ ಸೂರಿಗೆ ತೂಗುಬಿಟ್ಟ ಗೊಂಡೋಲ ಎಂಬ ಗೂಡಿನಲ್ಲಿ ಕುಳಿತು ಫಾಸ್ಟರ್ ಹೆವಿಟ್ ಶನಿವಾರ ರಾತ್ರಿಗಳಲ್ಲಿ ರೇಡಿಯೊ ವೀಕ್ಷಕ ವಿವರಣೆ ಕೊಡುತ್ತಿದ್ದ. ಗೋಧಿ ಬೆಳೆಯುವ ಪಶ್ಚಿಮದ ಹಳ್ಳಿಗಳಲ್ಲೂ ಗಣಿ ಊರುಗಳಲ್ಲೂ ರೇಡಿಯೊ ಸುತ್ತ ಕುಳಿತವರು, ಟೊರಾಂಟೊವನ್ನು ಎಂದೂ ನೋಡದೆಯೇ ಲೀಫ್ಸ್‌ನವರಾಗಿಬಿಟ್ಟರು. ಅಭಿಮಾನ ಅಪ್ಪನಿಂದ ಮಗಳಿಗೆ, ಅವಳಿಂದ ಮೊಮ್ಮಗನಿಗೆ ಇಳಿಯತೊಡಗಿದ್ದು ಹೀಗೆ.

ಕಾಯುವುದನ್ನು ಆ ಊರಿಗೆ ಮೊದಲು ಕಲಿಸಿದ್ದು ಬಿಲ್ ಬರಿಲ್ಕೊನ ಕಥೆ. 1951ರ ಏಪ್ರಿಲ್ 21ರಂದು ಮಾಂಟ್ರಿಯಾಲ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ, ಮುಗ್ಗರಿಸುತ್ತಲೇ ಪಕ್ ಬಾರಿಸಿ ಕಪ್ ಗೆಲ್ಲಿಸಿದಾಗ ಅವನಿಗೆ ಬರೀ 24 ವರ್ಷ. ಆಗಸ್ಟ್‌ನಲ್ಲಿ ಗೆಳೆಯನಾದ ದಂತವೈದ್ಯನ ಜೊತೆ ಪುಟ್ಟ ವಿಮಾನದಲ್ಲಿ ಉತ್ತರಕ್ಕೆ ಮೀನು ಹಿಡಿಯಲು ಹೋದವನು ಮರಳಲಿಲ್ಲ. ಕಾಡನ್ನು ಜಾಲಾಡಿದರೂ ವಿಮಾನ ಸಿಗಲಿಲ್ಲ. ತಂಡಕ್ಕೆ ಕಪ್ಪೂ ಸಿಗಲಿಲ್ಲ. ಹನ್ನೊಂದು ವರ್ಷದ ನಂತರ, 1962ರ ಏಪ್ರಿಲ್‌ನಲ್ಲಿ, ಲೀಫ್ಸ್ ಮತ್ತೆ ಕಪ್ ಗೆದ್ದಿತು. ಕೆಲವೇ ವಾರಗಳಲ್ಲಿ ಉತ್ತರ ಒಂಟಾರಿಯೊದ ಕಾಡಿನಲ್ಲಿ ವಿಮಾನದ ಅವಶೇಷಗಳೂ ಇಬ್ಬರ ಅಸ್ಥಿಗಳೂ ಪತ್ತೆಯಾದವು. ಬರಿಲ್ಕೊ ಸಿಗುವವರೆಗೂ ಕಪ್ ಬರಲಿಲ್ಲ ಎಂದು ಜನ ಹೇಳುತ್ತಾರೆ. ದಿನಾಂಕ ಹಿಡಿದು ನೋಡಿದರೆ ಮೊದಲು ಬಂದದ್ದು ಕಪ್ಪೇ. ಆದರೆ ಐತಿಹ್ಯಕ್ಕೆ ಕೆಲವು ವಾರಗಳ ಹಿಂದುಮುಂದು ಯಾವ ಲೆಕ್ಕ?

1967ರ ಗೆಲುವು ಮುದುಕರ ಗೆಲುವು. ಗೋಲ್ ಕಾಯ್ದ ಜಾನಿ ಬೋವರ್‌ಗೆ 42, ರಕ್ಷಣೆಯ ಆಲನ್ ಸ್ಟಾನ್ಲಿಗೆ 41, ಇನ್ನೊಬ್ಬ ಗೋಲಿ ಟೆರಿ ಸಾಚಕ್‌ಗೆ 37. ಕೆನಡಾ ಒಕ್ಕೂಟದ ನೂರನೆಯ ವರ್ಷ, ಎದುರಿಗೆ ಮತ್ತದೇ ಮಾಂಟ್ರಿಯಾಲ್. ಆರನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ನಾಯಕ ಜಾರ್ಜ್ ಆರ್ಮ್‌ಸ್ಟ್ರಾಂಗ್ ಖಾಲಿ ಗೋಲಿಗೆ ಪಕ್ ತಳ್ಳಿ 3-1 ಮಾಡಿದ. ಅಲ್ಲಿಗೆ ಹದಿಮೂರು ಕಪ್. ಲೀಗ್‌ನಲ್ಲಿ ಆಗ ಇದ್ದದ್ದು ಆರೇ ತಂಡ. ಅದೇ ಶರತ್ಕಾಲಕ್ಕೆ ಅವು ಹನ್ನೆರಡಾದವು. ಹದಿನಾಲ್ಕನೆಯ ಕಪ್ ಇಷ್ಟು ತಡವಾದೀತು ಎಂದು ಅಂದು ಮೆರವಣಿಗೆ ನೋಡಲು ನೆರೆದ ಜನಕ್ಕೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಆಮೇಲೆ ಬಂತು ಹೆರಾಲ್ಡ್ ಬ್ಯಾಲಾರ್ಡ್‌ನ ದರ್ಬಾರು. 1972ರಲ್ಲಿ ತಂಡ ಅವನ ಹಿಡಿತಕ್ಕೆ ಬಂತು. ಅದೇ ವರ್ಷ ವಂಚನೆ, ಕಳ್ಳತನದ 47 ಆರೋಪಗಳು ಸಾಬೀತಾಗಿ ಜೈಲಿಗೂ ಹೋದ. ಹೊರಬಂದು ಗಾರ್ಡನ್ಸ್ ಒಳಗೇ ಮನೆ ಮಾಡಿಕೊಂಡು, 1990ರಲ್ಲಿ ಸಾಯುವವರೆಗೂ ತಂಡವನ್ನು ತನ್ನ ಹಿತ್ತಲಂತೆ ನಡೆಸಿದ. 1979ರಲ್ಲಿ ಕೋಚ್ ರೋಜರ್ ನೀಲ್ಸನ್‌ನನ್ನು ತೆಗೆದುಹಾಕಿದ್ದಾಗಿ ಸಾರಿ, ಬದಲಿ ಸಿಗದೆ ಮತ್ತೆ ಕರೆಸಿದ. ಬರುವಾಗ ಮುಖಕ್ಕೆ ಕಾಗದದ ಚೀಲ ಹಾಕಿಕೊಂಡು ಬಾ, ಯಾರೆಂದು ಜನ ತಲೆ ಕೆಡಿಸಿಕೊಳ್ಳಲಿ ಎಂದ. ನೀಲ್ಸನ್ ಒಪ್ಪಲಿಲ್ಲ. ಅದೇ ವರ್ಷ ಹೆವಿಟ್‌ನ ಗೊಂಡೋಲವನ್ನು ಕಿತ್ತು ಕಸದ ಕುಲುಮೆಗೆ ಹಾಕಿಸಿದ. ಡಿಸೆಂಬರ್‌ನಲ್ಲಿ ಜನಪ್ರಿಯ ಆಟಗಾರ ಲ್ಯಾನಿ ಮೆಕ್‌ಡೊನಾಲ್ಡ್‌ನನ್ನು ಕೊಲೊರಾಡೊಗೆ ಕಳಿಸಿದಾಗ ಅಭಿಮಾನಿಗಳು ಗಾರ್ಡನ್ಸ್ ಎದುರು ಫಲಕ ಹಿಡಿದು ನಿಂತರು. ನಾಯಕ ಡ್ಯಾರಿಲ್ ಸಿಟ್ಲರ್ ತನ್ನ ಅಂಗಿಯ ಮೇಲಿನ ನಾಯಕತ್ವದ ಗುರುತನ್ನು ಕಿತ್ತೆಸೆದ.

ಬ್ಯಾಲಾರ್ಡ್‌ನನ್ನು ಖಳನಾಯಕ ಮಾಡುವುದು ಸುಲಭ. ಟೊರಾಂಟೊದವರು ಮಾಡಿದ್ದೂ ಅದನ್ನೇ. ಆದರೆ ಒಂದು ಸಂಗತಿಯನ್ನು ಮಾತ್ರ ಅವರು ಮೆಲ್ಲಗೆ ದಾಟಿಹೋಗುತ್ತಾರೆ. 1984-85ರಲ್ಲಿ 80 ಪಂದ್ಯಗಳಲ್ಲಿ ಕೇವಲ 20 ಗೆದ್ದು ತಂಡ ಲೀಗ್‌ನ ತಳಕ್ಕೆ ಬಿದ್ದ ಕಾಲದಲ್ಲೂ ಟಿಕೆಟ್ ಗಿರಾಕಿಗೆ ಬರವಿರಲಿಲ್ಲ. ಸೀಸನ್ ಟಿಕೆಟ್ ಎಂದರೆ ಅಲ್ಲಿ ಪಿತ್ರಾರ್ಜಿತ ಆಸ್ತಿ, ಉಯಿಲಿನಲ್ಲಿ ಬರೆದಿಡುವಂಥದ್ದು. ಸೋತರೂ ಗಲ್ಲಾ ತುಂಬುತ್ತದೆ ಎಂದಾದ ಮೇಲೆ ಧಣಿಗೆ ಗೆಲ್ಲುವ ದರ್ದು ಏನಿದೆ? ಬ್ಯಾಲಾರ್ಡ್‌ನನ್ನು ಸಾಕಿದ್ದು ಅವನನ್ನು ಬೈಯುತ್ತಲೇ ಟಿಕೆಟ್ ಕೊಂಡವರು.

ಆ ಕತ್ತಲ ವರ್ಷಗಳ ನಡುವೆ ಒಂದು ವಿನೋದವೂ ಉಂಟು. 1976ರ ಪ್ಲೇಆಫ್‌ನಲ್ಲಿ ಎದುರಾಳಿ ಫಿಲಡೆಲ್ಫಿಯಾ ಫ್ಲಯರ್ಸ್. ಗಾಯಕಿ ಕೇಟ್ ಸ್ಮಿತ್ ಹಾಡಿದರೆ, ಇಲ್ಲವೇ ಅವಳ ಧ್ವನಿಮುದ್ರಿಕೆ ಹಾಕಿದರೆ ತಾವು ಗೆಲ್ಲುತ್ತೇವೆ ಎಂಬುದು ಅವರ ನಂಬಿಕೆ. ಅದಕ್ಕೆ ಪ್ರತಿಮಾಟವಾಗಿ ಲೀಫ್ಸ್ ಕೋಚ್ ರೆಡ್ ಕೆಲ್ಲಿ ಈಜಿಪ್ಟಿನ ಪಿರಮಿಡ್ಡುಗಳ ಮೊರೆಹೋದ. ಪಿರಮಿಡ್ ಆಕಾರದಲ್ಲಿ ಅಗೋಚರ ಶಕ್ತಿಯಿದೆ ಎಂಬ ಮಾತು ಆ ದಿನಗಳ ಫ್ಯಾಷನ್. ಆಟಗಾರರ ಬೆಂಚಿನಡಿ ಪುಟ್ಟ ಪಿರಮಿಡ್ಡುಗಳನ್ನು ಇಡಿಸಿದ. ಸಿಟ್ಲರ್ ತನ್ನ ಕೋಲುಗಳನ್ನೂ ಪಿರಮಿಡ್ಡಿನ ಕೃಪೆಗೆ ಒಡ್ಡಿ ಆರನೆಯ ಪಂದ್ಯಕ್ಕಿಳಿದವನು ಐದು ಗೋಲ್ ಹೊಡೆದ. ಊರಿಗೆ ಊರೇ ಪಿರಮಿಡ್ ಹುಚ್ಚಿಗೆ ಬಿತ್ತು. ಏಳನೆಯ ಪಂದ್ಯ ಫಿಲಡೆಲ್ಫಿಯಾದಲ್ಲಿ. ಲೀಫ್ಸ್ ಸೋತಿತು. ಸರಣಿಯ ಏಳೂ ಪಂದ್ಯಗಳನ್ನು ಗೆದ್ದದ್ದು ಆಯಾ ಊರಿನ ತಂಡವೇ ಎಂಬುದನ್ನು ಗಮನಿಸಿದವರಿಗೆ ಪಿರಮಿಡ್ಡೂ ಬೇಕಿರಲಿಲ್ಲ, ಕೇಟ್ ಸ್ಮಿತ್ತೂ ಬೇಕಿರಲಿಲ್ಲ.

ಇಂಥ ನೇಮನಿಷ್ಠೆಗಳು ಟೊರಾಂಟೊಗೆ ಮಾತ್ರ ಮೀಸಲಲ್ಲ. 1952ರ ಏಪ್ರಿಲ್‌ನಲ್ಲಿ ಡೆಟ್ರಾಯ್ಟ್‌ನ ಇಬ್ಬರು ಮೀನು ವ್ಯಾಪಾರಿ ಸಹೋದರರು ಅಂಕಣಕ್ಕೆ ಆಕ್ಟೋಪಸ್ ಎಸೆದರು. ಕಪ್‌ಗೆ ಆಗ ಎಂಟು ಗೆಲುವು ಬೇಕಿತ್ತು, ಆಕ್ಟೋಪಸ್‌ಗೆ ಎಂಟು ಕೈ, ತಂಡ ಎಂಟಕ್ಕೆ ಎಂಟೂ ಗೆದ್ದಿತು. ಆ ಪದ್ಧತಿ ಇನ್ನೂ ಇದೆ. 1982ರಲ್ಲಿ ರೆಫರಿಯ ತೀರ್ಪುಗಳಿಂದ ರೋಸಿಹೋದ ವ್ಯಾಂಕೂವರ್ ಕೋಚ್, ಕೋಲಿನ ತುದಿಗೆ ಬಿಳಿ ಟವೆಲ್ ಸಿಕ್ಕಿಸಿ ಶರಣಾದೆ ಎಂಬಂತೆ ಎತ್ತಿ ಹಿಡಿದ. ಮುಂದಿನ ಪಂದ್ಯಕ್ಕೆ ಗ್ಯಾಲರಿ ತುಂಬ ಟವೆಲ್ಲುಗಳೇ. ಆ ಕೋಚ್ ಬೇರಾರೂ ಅಲ್ಲ, ಕಾಗದದ ಚೀಲ ಒಲ್ಲೆ ಎಂದಿದ್ದ ರೋಜರ್ ನೀಲ್ಸನ್. ವ್ಯಾಂಕೂವರ್‌ನಲ್ಲಿ ಇಂದು ಟವೆಲ್ ಎತ್ತಿದ ಅವನ ಪ್ರತಿಮೆಯೇ ಇದೆ. ಇನ್ನು ನ್ಯೂಯಾರ್ಕ್ ರೇಂಜರ್ಸ್ 1940ರಿಂದ 1994ರವರೆಗೆ 54 ವರ್ಷ ಕಾದಿತ್ತು. ಎದುರಾಳಿ ಅಭಿಮಾನಿಗಳು ಬೈಗುಳದ ಬದಲು ‘ನೈನ್ಟೀನ್ ಫಾರ್ಟಿ’ ಎಂದು ಲಯಬದ್ಧವಾಗಿ ಕೂಗಿದರೆ ಸಾಕಿತ್ತು. ಕೊನೆಗೆ ಗೆದ್ದ ರಾತ್ರಿ ಒಬ್ಬ ಅಭಿಮಾನಿ ಹಿಡಿದ ಫಲಕದಲ್ಲಿ ‘ಇನ್ನು ನೆಮ್ಮದಿಯಿಂದ ಸಾಯಬಹುದು’ ಎಂದಿತ್ತು. ಆ 54 ವರ್ಷದ ದಾಖಲೆಯನ್ನೂ ಟೊರಾಂಟೊ 2022ರಲ್ಲಿ ಮುರಿಯಿತು.

ಟೊರಾಂಟೊದಲ್ಲಿ ಸೋಲಿಗೆ ಮುಖವೊಂದು ಸಿಕ್ಕಿದ್ದು 1993ರಲ್ಲಿ. ಡಗ್ ಗಿಲ್ಮೋರ್ ಎಂಬ ಸಣಕಲು ದೇಹದ ಛಲಗಾರ ತಂಡವನ್ನು ಸೆಮಿಫೈನಲ್‌ವರೆಗೆ ಎಳೆದು ತಂದಿದ್ದ. ಲಾಸ್ ಏಂಜಲೀಸ್ ಎದುರು ಸರಣಿ 3-2. ಇನ್ನೊಂದು ಗೆದ್ದರೆ ಫೈನಲ್‌ನಲ್ಲಿ ಮಾಂಟ್ರಿಯಾಲ್, ಎರಡು ತಲೆಮಾರು ಕನಸಿದ ಜೋಡಿ. ಮೇ 27ರ ಆರನೆಯ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ವೇನ್ ಗ್ರೆಟ್ಸ್ಕಿಯ ಕೋಲು ಗಿಲ್ಮೋರ್ ಗಲ್ಲಕ್ಕೆ ತಾಗಿ ರಕ್ತ ಬಂತು. ನಿಯಮದಂತೆ ಗ್ರೆಟ್ಸ್ಕಿ ಹೊರನಡೆಯಬೇಕು. ಕೂದಲನ್ನು ಒಂದೆಳೆ ಅಲುಗದಂತೆ ಬಾಚಿಕೊಳ್ಳುತ್ತಿದ್ದ ರೆಫರಿ ಕೆರಿ ಫ್ರೇಸರ್ ಕಂಡಿಲ್ಲವೆಂದ. ಸ್ವಲ್ಪ ಹೊತ್ತಿಗೇ ಗ್ರೆಟ್ಸ್ಕಿ ಗೋಲ್ ಹೊಡೆದು ಪಂದ್ಯ ಮುಗಿಸಿದ. ಎರಡು ದಿನ ಬಿಟ್ಟು ಟೊರಾಂಟೊದಲ್ಲೇ ಮೂರು ಗೋಲ್ ಹೊಡೆದು ಸರಣಿಯನ್ನೂ ಮುಗಿಸಿದ. ಆ ವರ್ಷ ಹುಟ್ಟಿಯೇ ಇರದಿದ್ದ ಹುಡುಗರು ಕೂಡ ಇವತ್ತಿಗೂ ಫ್ರೇಸರ್ ಹೆಸರೆತ್ತಿದರೆ ಹಲ್ಲು ಕಡಿಯುತ್ತಾರೆ. ತಪ್ಪನ್ನು ಹೊರಗಿನವನೊಬ್ಬನ ತಲೆಗೆ ಕಟ್ಟಿದರೆ ಸೋಲು ಅರ್ಧ ಹಗುರ. ಏಳನೆಯ ಪಂದ್ಯ ತಮ್ಮೂರಿನಲ್ಲೇ ಇತ್ತು, ಫ್ರೇಸರ್ ಅಲ್ಲಿ ಗೋಲ್ ಕಾಯುತ್ತಿರಲಿಲ್ಲ ಎಂದು ನೆನಪಿಸಿದರೆ ಯಾರಿಗೂ ಇಷ್ಟವಾಗುವುದಿಲ್ಲ.

2004ರ ನಂತರ ಏಳು ಋತು ಪ್ಲೇಆಫ್‌ನ ಬಾಗಿಲೇ ತೆರೆಯಲಿಲ್ಲ. 2010ರ ಡಿಸೆಂಬರ್‌ನಲ್ಲಿ ಬೇಸತ್ತವರು ಅಂಕಣಕ್ಕೆ ವಾಫಲ್ ಎಸೆದರು. ನಮ್ಮ ದೋಸೆಗೆ ದೂರದ ನೆಂಟ ಅನ್ನಬಹುದಾದ ತಿಂಡಿ ಅದು. ವಾಫಲ್ಲೇ ಯಾಕೆ ಎಂಬುದಕ್ಕೆ ನೆಟ್ಟಗಿನ ಉತ್ತರ ಸಿಗಲಿಲ್ಲ, ಎಸೆದವನೊಬ್ಬನ ಮೇಲೆ ಕೇಸಂತೂ ಬಿತ್ತು. 2012ರ ಏಪ್ರಿಲ್‌ನಲ್ಲಿ ತಂಡದ ಮಾಲೀಕರೇ ಪತ್ರಿಕೆಗಳಲ್ಲಿ ಪುಟದಗಲದ ಪತ್ರ ಪ್ರಕಟಿಸಿ ಅಭಿಮಾನಿಗಳ ಕ್ಷಮೆ ಕೇಳಿದರು. ಮರುವರ್ಷ ಪ್ಲೇಆಫ್ ಸಿಕ್ಕಿತು. ಬಾಸ್ಟನ್‌ನಲ್ಲಿ ಮೇ 13ರಂದು ಏಳನೆಯ ಪಂದ್ಯ. ಕೊನೆಯ ಅವಧಿಯಲ್ಲಿ ಲೀಫ್ಸ್ 4-1ರಿಂದ ಮುಂದು. ಟೊರಾಂಟೊದ ಚೌಕದಲ್ಲಿ ದೊಡ್ಡ ಪರದೆ ಮುಂದೆ ಸಾವಿರಾರು ಜನ ಕುಣಿಯುತ್ತಿದ್ದರು. ಬಾಸ್ಟನ್ ಒಂದು ಗೋಲ್ ಹೊಡೆಯಿತು. ಕೊನೆಯ ಒಂದೂವರೆ ನಿಮಿಷದಲ್ಲಿ, ತನ್ನ ಗೋಲಿಯನ್ನು ಹೊರಗೆ ಕರೆಸಿ, ಬದಲಿಗೆ ದಾಳಿಗೆ ಇನ್ನೊಬ್ಬನನ್ನು ಇಳಿಸಿ, ಇನ್ನೆರಡು ಹೊಡೆಯಿತು. ಹೆಚ್ಚುವರಿ ಸಮಯದಲ್ಲಿ ಐದನೆಯದು. ಚೌಕದಲ್ಲಿ ಜನ ತಲೆ ಮೇಲೆ ಕೈ ಹೊತ್ತು ನಿಂತ ಚಿತ್ರಗಳು ದೇಶವಿಡೀ ಓಡಾಡಿದವು. ಅಂದಿನಿಂದ ‘4-1 ಇತ್ತು’ ಎಂಬುದು ಲೀಫ್ಸ್ ಅಭಿಮಾನಿಗಳ ನಡುವೆ ಗಾದೆಯಾಗಿದೆ. ಲಾಟರಿ ತಪ್ಪಿದರೂ ಅದೇ ಮಾತು, ಮದುವೆ ಮುರಿದರೂ ಅದೇ ಮಾತು.

2016ರಲ್ಲಿ ಆಸ್ಟನ್ ಮ್ಯಾಥ್ಯೂಸ್ ಬಂದ. ಮೊದಲ ಪಂದ್ಯದಲ್ಲೇ ನಾಲ್ಕು ಗೋಲ್. ಆಮೇಲೆ ಪ್ರತಿ ವರ್ಷ ಪ್ಲೇಆಫ್, ಪ್ರತಿ ವರ್ಷ ಮೊದಲ ಸರಣಿಯಲ್ಲೇ ಸೋತು ಮನೆ: ವಾಷಿಂಗ್ಟನ್, ಬಾಸ್ಟನ್, ಮತ್ತೆ ಬಾಸ್ಟನ್, ಕೊಲಂಬಸ್. 2021ರಲ್ಲಿ ಮಾಂಟ್ರಿಯಾಲ್ ಎದುರು 3-1 ಮುನ್ನಡೆಯಿದ್ದೂ ಸೋಲು. ಕೋವಿಡ್ ಕಾಲದ ಆ ಏಳನೆಯ ಪಂದ್ಯಕ್ಕೆ ಒಳಗೆ ಬಿಟ್ಟದ್ದು ಲಸಿಕೆ ಪಡೆದ 550 ಆರೋಗ್ಯ ಕಾರ್ಯಕರ್ತರನ್ನು ಮಾತ್ರ. ಪಾಪ, ಆ ವರ್ಷ ಅವರು ನೋಡಿದ್ದ ಸಂಕಟ ಸಾಲದಿತ್ತೇನೋ. 2023ರ ಏಪ್ರಿಲ್ 29ರಂದು ಟ್ಯಾಂಪಾವನ್ನು ಮಣಿಸಿ, 19 ವರ್ಷದ ಮೇಲೆ ಮೊದಲ ಸಲ ಒಂದೇ ಒಂದು ಸುತ್ತು ದಾಟಿದಾಗ ಬೀದಿಗಳಲ್ಲಿ ಕಪ್ಪೇ ಬಂದಷ್ಟು ಗದ್ದಲ. ಮೊದಲ ಸುತ್ತಿಗೇ ಮೆರವಣಿಗೆಯ ದಾರಿ ಗೊತ್ತು ಮಾಡುವವರು ಎಂದು ಮಿಕ್ಕ ಕೆನಡಾ ಇವರನ್ನು ಆಡಿಕೊಳ್ಳುವುದು ಇದಕ್ಕೇ.

ಈ ಗೇಲಿಯ ರುಚಿ ಬೆಂಗಳೂರಿಗೆ ಹೊಸದಲ್ಲ. ‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ಹೇಳಿಕೊಂಡು, ಅನ್ನಿಸಿಕೊಂಡು, ಹದಿನೇಳು ಋತು ಬರಿಗೈಯಲ್ಲಿ ಕಳೆದ ಆರ್‌ಸಿಬಿ ಕೊನೆಗೂ ಗೆದ್ದದ್ದು 2025ರ ಜೂನ್ 3ರಂದು. ಲೀಫ್ಸ್ ಜರ್ಸಿಗಳು ಮಂಜಿನ ಮೇಲೆ ಬಿದ್ದ ರಾತ್ರಿಯಿಂದ ಸರಿಯಾಗಿ ಹದಿನಾರನೆಯ ದಿನ. ಎರಡೂ ತಂಡಗಳನ್ನು ಹಚ್ಚಿಕೊಂಡ ಟೊರಾಂಟೊ ಕನ್ನಡಿಗರಿಗೆ ಆ ಹದಿನೈದು ದಿನ ಹೇಗೆ ಕಳೆದಿರಬೇಕು!

ಕಾರ್ಲ್ಟನ್ ಬೀದಿಯ ಗಾರ್ಡನ್ಸ್‌ನಲ್ಲಿ ಲೀಫ್ಸ್ ಕೊನೆಯ ಪಂದ್ಯ ಆಡಿದ್ದು 1999ರ ಫೆಬ್ರವರಿ 13ರಂದು. ಮೊದಲ ಪಂದ್ಯದಲ್ಲಿ ಸೋಲಿಸಿದ್ದ ಶಿಕಾಗೊ ತಂಡವೇ ಅಂದೂ ಎದುರಾಳಿ. ಅಂದೂ ಸೋಲು, 6-2. ಕಟ್ಟಡ ಈಗಲೂ ಇದೆ. ಮೇಲಂತಸ್ತಿನಲ್ಲಿ ವಿಶ್ವವಿದ್ಯಾಲಯದ ಕ್ರೀಡಾಂಗಣ, ಕೆಳಗೆ 2011ರಿಂದ ದೊಡ್ಡ ದಿನಸಿ ಅಂಗಡಿ. ಗೋಡೆಯ ಮೇಲೆ ಹಳೆಯ ನೀಲಿ ಕುರ್ಚಿಗಳನ್ನೇ ಜೋಡಿಸಿ ಮಾಡಿದ ಮೇಪಲ್ ಎಲೆಯಿದೆ. ಅಂಗಡಿಯ ಕಪಾಟುಗಳ ನಡುವೆ ನೆಲದ ಮೇಲೆ ಒಂದು ಕೆಂಪು ಚುಕ್ಕೆ: ಅಂಕಣದ ನಟ್ಟನಡುವಿನ ಜಾಗ, 1967ರಲ್ಲಿ ಕೊನೆಯ ಕಪ್ ಗೆದ್ದ ಅಂಕಣದ್ದು. ಸಾಮಾನಿನ ಗಾಡಿಗಳು ದಿನವಿಡೀ ಅದರ ಮೇಲೆ ಉರುಳುತ್ತಿರುತ್ತವೆ.