ಬೆಳಕು ಬರೆದ ದಾಖಲೆ

ಮಾರ್ಕೆಟ್ ಯಾರ್ಡಿನಲ್ಲಿ ದಿನವೊಂದಕ್ಕೆ ಎಷ್ಟು ಐವತ್ತರ ನೋಟುಗಳು ಕೈಯಿಂದ ಕೈಗೆ ಹೋಗುತ್ತವೆಯೋ ಬಲ್ಲವರಿಲ್ಲ. ಹೂವಿನ ಬಜಾರಿನಲ್ಲಿ ತೇವಗೊಂಡು, ಬೆಲ್ಲದ ಅಂಗಡಿಯಲ್ಲಿ ಅಂಟಂಟಾಗಿ, ಹಮಾಲರ ಬನಿಯನ್ನಿನ ಕಿಸೆಯಲ್ಲಿ ನಾಲ್ಕು ಮಡಿಕೆಯಾಗಿ ತಿರುಗುವ ಆ ನೋಟನ್ನು ಓದುಗರು ಒಮ್ಮೆ ಬಿಡಿಸಿ ನೋಡಬೇಕು. 2017ರಲ್ಲಿ ಚಲಾವಣೆಗೆ ಬಂದ ಈ ನೀಲಿ ನೋಟಿನ ಹಿಂಬದಿಗೆ ನಮ್ಮ ಹಂಪಿಯ ಕಲ್ಲಿನ ರಥವಿದೆ. ಮುಂಬದಿಗೆ ಗಾಂಧೀಜಿಯ ನಗುಮುಖ. ಈ ಮುಖ ಚಿತ್ರಕಾರನ ಕಲ್ಪನೆಯದಲ್ಲ. 1946ರಲ್ಲಿ ಬ್ರಿಟಿಷ್ ಸಚಿವ ಪೆಥಿಕ್ ಲಾರೆನ್ಸರ ಜೊತೆ ಗಾಂಧೀಜಿ ನಿಂತಿದ್ದಾಗ ತೆಗೆದ ಒಂದು ಛಾಯಾಚಿತ್ರದಿಂದ ಕತ್ತರಿಸಿ ತೆಗೆದುಕೊಂಡದ್ದು. ದೇಶದಲ್ಲಿ ಅತಿ ಹೆಚ್ಚು ಜನ ನೋಡಿರುವ ಪಟ ಇದೇ ಇರಬೇಕು. ಆದರೂ ಅದನ್ನು ತೆಗೆದವರ ಹೆಸರು ಎಲ್ಲಿಯೂ ದಾಖಲಾಗಿಲ್ಲ.

ಇನ್ನು ರಥದ ವಿಚಾರ. ನೋಟಿನಲ್ಲಿಯೂ, ಇಂದು ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿಯೂ, ರಥದ ನೆತ್ತಿ ಬೋಳಾಗಿದೆ. 1856ರಲ್ಲಿ ಅದರ ಮೇಲೊಂದು ಇಟ್ಟಿಗೆಯ ಶಿಖರವಿತ್ತು. ಇತ್ತೆಂಬುದಕ್ಕೆ ಸಾಕ್ಷಿಯೇನು ಎಂದರೆ ಒಂದು ಹಾಳೆ ಕಾಗದ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಆ ವರ್ಷ ಹಂಪಿಯ ಹಾಳುಮಂಟಪಗಳ ನಡುವೆ ಕ್ಯಾಮೆರಾ ಹೊತ್ತು ತಿರುಗಿದ. ಆತನ ನೆಗೆಟಿವ್‌ಗಳು ಗಾಜಿನವಲ್ಲ, ಸೆಲ್ಯುಲಾಯಿಡ್ಡಿನವೂ ಅಲ್ಲ. ಮೇಣ ಸವರಿದ ಕಾಗದದವು. ಒಂದೊಂದೂ ಹೆಚ್ಚುಕಡಿಮೆ 16 ಅಂಗುಲ ಅಗಲ, 18 ಅಂಗುಲ ಉದ್ದ. ಅಷ್ಟು ದೊಡ್ಡ ಹಾಳೆಗೆ ತಕ್ಕ ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆಯೇ ಸರಿ. ಪಟವೊಂದಕ್ಕೆ ಹಲವು ನಿಮಿಷ ಬೆಳಕು ಕುಡಿಸಬೇಕಾಗಿತ್ತು. ಅದಕ್ಕೇ ಗ್ರೀನ್‌ಲಾನ ಹಂಪಿಯಲ್ಲಿ ಜನಸಂಚಾರವೇ ಇಲ್ಲದಂತೆ ಕಾಣುತ್ತದೆ. ನಡೆದುಹೋದವರು ಕಾಗದದ ಮೇಲೆ ಅಚ್ಚಾಗಲಿಲ್ಲ, ನಿಂತ ಕಲ್ಲು ಮಾತ್ರ ಉಳಿಯಿತು.

ಈ ಹಾಳೆಗಳು ಬಹುಕಾಲ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಅವನ್ನು ಮುಂದಿಟ್ಟುಕೊಂಡು, ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಮತ್ತೆ ಪಟ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಶಿಖರ ಇದ್ದದ್ದೂ ಹೋದದ್ದೂ ಒಟ್ಟಿಗೆ ತಿಳಿಯುತ್ತದೆ. ಇತಿಹಾಸದ ಅಧ್ಯಾಪಕರು ನೂರು ಪುಟದಲ್ಲಿ ವಾದಿಸಿದರೂ ಇಷ್ಟು ಖಚಿತವಾಗಿ ಹೇಳಲಾರರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫ್ರಾನ್ಸಿನ ದಾಗೆರನ ವಿಧಾನ ಲೋಕಕ್ಕೆ ಪ್ರಕಟವಾದದ್ದು 1839ರ ಆಗಸ್ಟ್ 19ರಂದು. ಆದರೆ ಅವನ ಪಟ ತಾಮ್ರದ ತಗಡಿನ ಮೇಲೆ, ಒಂದೇ ಪ್ರತಿ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ಕಾಗದದ ನೆಗೆಟಿವ್ ವಿಧಾನದಿಂದ ಒಂದಕ್ಕೆ ಹತ್ತು ಪ್ರತಿ ತೆಗೆಯುವುದು ಸಾಧ್ಯವಾಯಿತು. ನಮ್ಮ ಕಡೆಗೆ ಈ ವಿದ್ಯೆ ಬಂದದ್ದು ಬೇಗ. ಮುಂಬಯಿಯಲ್ಲಿ 1854ರಲ್ಲೇ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು, ಡಾ. ಭಾವು ದಾಜಿಯವರ ತಮ್ಮ ಡಾ. ನಾರಾಯಣ ದಾಜಿ ಅದರ ಸದಸ್ಯರು. ಮರುವರ್ಷ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ವಿದ್ಯಾರ್ಥಿಗಳಿಗೆ ಛಾಯಾಗ್ರಹಣದ ತರಗತಿಯೇ ಆರಂಭವಾಯಿತು. ಹರಿಶ್ಚಂದ್ರ ಚಿಂತಾಮಣಿ ಎಂಬವರು ಅಲ್ಲಿ ಕಲಿತು ಮುಂದೆ ಮುಂಬಯಿಯಲ್ಲಿ ಸ್ಟುಡಿಯೋ ನಡೆಸಿದರು. ಅದೇ 1855ರಲ್ಲಿ ಮುಂಬಯಿ ಸರ್ಕಾರ ಹಳೆಯ ಕಟ್ಟಡಗಳ ನಕಾಶೆ ಬರೆಯುವ ಕೆಲಸಕ್ಕೆ ಚಿತ್ರಕಾರರ ಬದಲು ಕ್ಯಾಮೆರಾ ಕಳಿಸಲು ನಿಶ್ಚಯಿಸಿ, ತೋಪಖಾನೆಯ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ನೇಮಿಸಿತು. ಅವನು ಮೊದಲು ಹೋದದ್ದು ಎಲ್ಲಿಗೆ? ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು! ಅವನ ಮತ್ತು ಅವನ ನಂತರ ಬಂದ ಪಿಗೂ, ನೀಲ್ ಎಂಬವರ ಪಟಗಳನ್ನು ಕೂಡಿಸಿ 1866ರಲ್ಲಿ ಬಿಜಾಪುರದ ಬಗ್ಗೆ ಒಂದು, ಧಾರವಾಡ ಮತ್ತು ಮೈಸೂರು ಸೀಮೆಯ ಶಿಲ್ಪದ ಬಗ್ಗೆ ಒಂದು, ಹೀಗೆ ದೊಡ್ಡ ಗ್ರಂಥಗಳು ಬಂದವು. ಪುಣೆಯ ಕನ್ನಡಿಗರಲ್ಲಿ ಅನೇಕರ ಮೂಲ ಊರುಗಳು ಅದೇ ಸೀಮೆಯವು. ನಮ್ಮ ಅಜ್ಜಂದಿರ ಅಜ್ಜಂದಿರು ಗೋಲಗುಮ್ಮಟದ ನೆರಳಲ್ಲಿ ಎಮ್ಮೆ ಮೇಯಿಸುತ್ತಿದ್ದ ಕಾಲದಲ್ಲಿ ಗುಮ್ಮಟದ ಪಟ ಹಡಗು ಹತ್ತಿತ್ತು. ಅಜ್ಜಂದಿರ ಪಟ ಮಾತ್ರ ಯಾರೂ ತೆಗೆಯಲಿಲ್ಲ.

ಎಲ್ಫಿನ್‌ಸ್ಟನ್ ತರಗತಿಯ ಸುದ್ದಿ ಓದಿದಾಗ ನಮಗೆ ನಮ್ಮ 'ತರಗತಿ' ನೆನಪಾಯಿತು. 1990ರ ದಶಕದ ಕೊನೆಯಲ್ಲಿ ನಾವು ನಾಲ್ವರು, ಮಾರ್ಕೆಟ್ ಯಾರ್ಡಿನ ಆಸುಪಾಸಿನಲ್ಲಿ ಬೆಳೆದ ಕನ್ನಡ ಹುಡುಗರು, ಬಿ.ಎಸ್ಸಿ. ಓದುತ್ತಿದ್ದೆವು. ಸೊಲ್ಲಾಪುರದ ಕಡೆಯ ಹಿರಿಯರೊಬ್ಬರು ಆ ಭಾಗದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದರು. ಬಣ್ಣದ ಪಟಗಳನ್ನು ಯಂತ್ರವೇ ತೊಳೆದುಕೊಡುವ ಲ್ಯಾಬುಗಳು ಬಂದು ಅವರ ಕಪ್ಪುಬಿಳುಪಿನ ಕತ್ತಲೆಕೋಣೆ ಖಾಲಿ ಬಿದ್ದಿತ್ತು. ಭಾನುವಾರ ಅದನ್ನು ನಮಗೆ ಬಿಟ್ಟುಕೊಟ್ಟರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. "ತಮ್ಮಾ, ಬೆಳಕ ಮದಲ ನೋಡು, ಮಂದಿನ್ನ ಆಮ್ಯಾಲ ನೋಡು," ಎಂಬುದು ಅವರ ಮೊದಲ ಪಾಠ.

ಆ ಪಾಠದ ಗಣಿತ ನಮಗೆ ಬೇಗ ಹಿಡಿಸಿತು. ಲೆನ್ಸಿನ ಮೇಲೆ 2.8, 4, 5.6, 8, 11, 16 ಎಂದು ಬರೆದ ಅಂಕಿಗಳು ನೋಡಲು ವಿಚಿತ್ರ. ಒಂದನ್ನು ಎರಡರ ವರ್ಗಮೂಲದಿಂದ ಗುಣಿಸಿದರೆ ಮುಂದಿನದು ಬರುತ್ತದೆ. ಅಂಕಿ ಒಂದು ಮೆಟ್ಟಿಲು ಏರಿದರೆ ಕಂಡಿಯ ವಿಸ್ತೀರ್ಣ ಅರ್ಧವಾಗಿ, ಒಳಬರುವ ಬೆಳಕೂ ಅರ್ಧವಾಗುತ್ತದೆ. ಶಟರಿನ ವೇಗವೂ ಹಾಗೆಯೇ ಇಮ್ಮಡಿ, ಅರ್ಧ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು, ತಕ್ಕಡಿಯ ಲೆಕ್ಕ. ಬಯಲ ಬಿಸಿಲಿಗೆ 16ರ ಕಂಡಿ, 100 ವೇಗದ ಫಿಲ್ಮಿಗೆ ಸೆಕೆಂಡಿನ 125ನೇ ಒಂದು ಭಾಗ ಎಂಬ ಸೂತ್ರ ಮೀಟರಿಲ್ಲದವರ ಪಾಲಿನ ಪಂಚಾಂಗ. ಅದು ಹೂವಿನ ಬಜಾರಿನಲ್ಲಿ ನಡೆಯುತ್ತಿರಲಿಲ್ಲ. ನಸುಕಿನಲ್ಲಿ ಬಲ್ಬಿನ ಬೆಳಕಿಗೆ ಝೇಂಡು ಹೂವಿನ ರಾಶಿ ಹೊಳೆಯುತ್ತಿತ್ತು. ಅದನ್ನು ಹೊತ್ತು ಓಡುವ ಹಮಾಲ ಮಾತ್ರ ಗ್ರೀನ್‌ಲಾನ ಜನರಂತೆ ಮಸುಕಾಗಿ ಮಾಯವಾಗುತ್ತಿದ್ದ.

ಕತ್ತಲೆಕೋಣೆಯ ರಸಾಯನವಂತೂ ನಮ್ಮ ಪ್ರಯೋಗಾಲಯಕ್ಕಿಂತ ಸೊಗಸಾಗಿತ್ತು. ಬೆಳಕು ತಾಗಿದ ಸಿಲ್ವರ್ ಬ್ರೋಮೈಡಿನ ಕಣಗಳನ್ನು ಮೆಟಾಲ್ ಮತ್ತು ಹೈಡ್ರೋಕ್ವಿನೋನ್ ಕಪ್ಪು ಬೆಳ್ಳಿಯಾಗಿಸುತ್ತವೆ. ತಾಗದೆ ಉಳಿದದ್ದನ್ನು ಹೈಪೋ ಕರಗಿಸಿ ಒಯ್ಯುತ್ತದೆ. ಹೈಪೋವಿನ ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲಿಯೇ, ಫೋಟೋಗ್ರಫಿ ಹುಟ್ಟುವ ಇಪ್ಪತ್ತು ವರ್ಷ ಮೊದಲೇ, ಕಂಡಿದ್ದ. ಮದ್ದು ಸಿದ್ಧವಾಗಿ ಕೂತು ರೋಗಕ್ಕೆ ಕಾಯುತ್ತಿತ್ತೆಂದು ನಾವು ನಗುತ್ತಿದ್ದೆವು.

ತೆಗೆಯುವುದಕ್ಕಿಂತ ನೋಡಲು ಕಲಿಯುವುದು ತಡವಾಯಿತು. ಅದಕ್ಕೆ ಗುರು ರದ್ದಿ ಅಂಗಡಿ. ಹಳೆಯ 'ಇಲಸ್ಟ್ರೇಟೆಡ್ ವೀಕ್ಲಿ', 'ಲೈಫ್' ಸಂಚಿಕೆಗಳು ಅಲ್ಲಿ ತೂಕಕ್ಕೆ ಸಿಗುತ್ತಿದ್ದವು. ಒಂದು ಪಟ ಆರಿಸಿ, ಬಿಳಿ ಕಾಗದದಿಂದ ಅದರ ಒಂದೊಂದು ಮೂಲೆ ಮುಚ್ಚಿ, ಏನು ಹೋದರೆ ಪಟ ಕೆಡುತ್ತದೆ ಎಂದು ಕಾಕಾ ಕೇಳುತ್ತಿದ್ದರು. ಮಾರ್ಗರೆಟ್ ಬೂರ್ಕ್-ವೈಟ್ ತೆಗೆದ ಗಾಂಧೀಜಿ ಮತ್ತು ಚರಕದ ಪಟಕ್ಕೆ ಈ ಪರೀಕ್ಷೆ ಮಾಡಿದ್ದು ನೆನಪಿದೆ. ಮುಂದೆ ದೊಡ್ಡದಾಗಿ ಚರಕ. ಅದರಾಚೆ ನೆಲದ ಮೇಲೆ ಕೂತ ಗಾಂಧೀಜಿ. ಹಿಂದೆ ಕಿಟಕಿಯ ಬೆಳಕು. ಆ ಪಟದಲ್ಲಿ ಗಾಂಧೀಜಿ ನೂಲುತ್ತಿಲ್ಲ, ಕಾಗದ ಓದುತ್ತಿದ್ದಾರೆ! ನೂರು ಸಲ ನೋಡಿದ್ದರೂ ನಮ್ಮಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ. ಚರಕವನ್ನು ಮುಚ್ಚಿದರೆ ಅವರು ಬೆಳಗಿನ ಪತ್ರಿಕೆ ಓದುವ ಮನೆಯ ಹಿರಿಯರು. ತೆರೆದರೆ ಒಂದು ದೇಶದ ಕಥೆ.

ಆ ಪಟ ಹುಟ್ಟಿದ್ದು ನಮ್ಮ ಪುಣೆಯಲ್ಲೇ. 1946ರಲ್ಲಿ ಗಾಂಧೀಜಿ ರೈಲು ನಿಲ್ದಾಣದ ಹತ್ತಿರ ತಾಡಿವಾಲಾ ರಸ್ತೆಯ ಡಾ. ದಿನ್‌ಶಾ ಮೆಹತಾ ಅವರ ನಿಸರ್ಗೋಪಚಾರ ಕೇಂದ್ರದಲ್ಲಿ ತಂಗಿದ್ದರು. ಪಟ ತೆಗೆಯಬೇಕಾದರೆ ಮೊದಲು ಚರಕ ತಿರುಗಿಸಲು ಕಲಿಯಬೇಕೆಂದು ತನಗೆ ಷರತ್ತು ಹಾಕಿದರೆಂದೂ, ಮೂರೇ ಫ್ಲಾಶ್ ಬಲ್ಬುಗಳಿಗೆ ಅಪ್ಪಣೆ ಸಿಕ್ಕಿತೆಂದೂ ಆಕೆಯೇ ಬರೆದಿದ್ದಾಳೆ. ಆ ವರ್ಷ 'ಲೈಫ್' ಅದನ್ನು ಪ್ರಕೃತಿ ಚಿಕಿತ್ಸೆಯ ಲೇಖನವೊಂದರ ಮೇಲೆ ಸಣ್ಣದಾಗಿ ಅಚ್ಚುಹಾಕಿತು. 1948ರಲ್ಲಿ ಗಾಂಧೀಜಿ ಹತರಾದ ಮೇಲೆ ಶ್ರದ್ಧಾಂಜಲಿಯ ಪುಟದಲ್ಲಿ ದೊಡ್ಡದಾಯಿತು. ಪಟ ಅದೇ, ನೋಡುವವರ ದುಃಖ ಅದನ್ನು ಬೆಳೆಸಿತು. ಆ ಕಟ್ಟಡ ಈಗ ಬಾಪೂ ಭವನ, ರಾಷ್ಟ್ರೀಯ ಪ್ರಾಕೃತಿಕ ಚಿಕಿತ್ಸಾ ಸಂಸ್ಥೆಯ ನೆಲೆ. ಸಂಘದ ಸದಸ್ಯರು ಮಕ್ಕಳನ್ನು ಕರೆದುಕೊಂಡು ಒಂದು ಸಲ ಹೋಗಿಬರಬಹುದು.

ಕನ್ನಡಿಗರಲ್ಲಿ ನಮ್ಮ ಕಣ್ಣು ತೆರೆಸಿದವರು ಮೈಸೂರಿನ ಟಿ. ಎಸ್. ಸತ್ಯನ್ (1923–2009). ಡೆಕ್ಕನ್ ಹೆರಾಲ್ಡ್, ಇಲಸ್ಟ್ರೇಟೆಡ್ ವೀಕ್ಲಿಗಳಿಂದ ಹಿಡಿದು ಲೈಫ್, ಟೈಮ್ ತನಕ ಅವರ ಪಟಗಳು ಹೋದವು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಪಟಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ದೊಡ್ಡವರ ಪಟ ಅವರೂ ತೆಗೆದರು. ಆದರೆ ನಮಗೆ ಬೇಕಾದ ಸತ್ಯನ್ ಬೀದಿಯ ಮಕ್ಕಳ, ಹಳ್ಳಿಯ ತಾಯಂದಿರ, ದುಡಿಯುವವರ ಸತ್ಯನ್. ಸಾಮಾನ್ಯ ಮನುಷ್ಯನ ಸಾಮಾನ್ಯ ದಿನವೂ ಫಿಲ್ಮಿಗೆ ಯೋಗ್ಯ ಎಂಬುದನ್ನು ಅವರು ವಾದಿಸಲಿಲ್ಲ, ತೆಗೆದು ತೋರಿಸಿದರು. ಅರಣ್ಯಜೀವಿಗಳ ಪಟಕ್ಕೆ ಸಂಡೂರಿನ ಎಂ. ವೈ. ಘೋರ್ಪಡೆ, ಹಕ್ಕಿಗಳಿಗೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇದ್ದರು. ಅವರ ಬಗ್ಗೆ ಬೇರೆಯೇ ಬರೆಯಬೇಕಾದೀತು.

ಹಾಗಾದರೆ ಮಾರ್ಕೆಟ್ ಯಾರ್ಡಿನ ಕನ್ನಡಿಗರ ಪಟಗಳೆಲ್ಲಿ? ಇಂಡಿ, ಸಿಂದಗಿ, ಅಕ್ಕಲಕೋಟೆ, ಜತ್ತದ ಕಡೆಯಿಂದ, ಅದರಲ್ಲೂ 1972ರ ಬರಗಾಲದಲ್ಲಿ ಊರು ಬಿಟ್ಟು ಬಂದವರ ಗುರುತುಗಳು ಟ್ರಂಕಿನೊಳಗೆ, ಪ್ಲಾಸ್ಟಿಕ್ ಚೀಲಗಳೊಳಗೆ ಇವೆ. ಪುಣೆಯ ಹಳೆಯ ಪೇಟೆಗಳ ಮಂದಿಗೆ 1961ರ ಜುಲೈ 12ರ ಪಾನಶೇತ್ ಪ್ರವಾಹ ಗೊತ್ತು. ಪಟದ ಮೇಲಿನ ಗೆಲಾಟಿನ್ ಪದರ ನೀರು ಕುಡಿದು ಉಬ್ಬಿ ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವುದು ಕಠಿಣ. ನಮ್ಮವರ ಪಟಗಳಿಗೆ ಅಂಥ ದೊಡ್ಡ ಪ್ರವಾಹ ಬೇಕಿಲ್ಲ, ಪ್ರತಿ ಮಳೆಗಾಲ ಸೋರುವ ಪತ್ರೆ ಸಾಕು. ನೆಗೆಟಿವ್‌ಗಳ ಗತಿ ಇನ್ನೂ ವಿಚಿತ್ರ. ಅವುಗಳಲ್ಲಿ ಬೆಳ್ಳಿ ಇದೆಯಲ್ಲ! ಸ್ಟುಡಿಯೋಗಳು ಮುಚ್ಚುವಾಗ ಡಬ್ಬಗಟ್ಟಲೆ ನೆಗೆಟಿವ್‌ಗಳು ಬೆಳ್ಳಿ ತೆಗೆಯುವವರ ಪಾಲಾದವು. ಎಷ್ಟೋ ಮದುವೆಗಳ, ನಾಮಕರಣಗಳ ಮುಖ ಕರಗಿ ಗ್ರಾಮುಗಟ್ಟಲೆ ಬೆಳ್ಳಿಯಾಯಿತು. 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಊಟಿಯಲ್ಲಿ 'ಇಂದು' ಹೆಸರಿನ ಫಿಲ್ಮ್ ತಯಾರಿಸಿದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೂಡ ಮುಚ್ಚಿಹೋಗಿದೆ.

ಕಳೆದ ವರ್ಷದಿಂದ ನಾವು ಹಳೆಯ ಗೆಳೆಯರು ಪರಿಚಯದ ಮನೆಗಳಲ್ಲಿ ಕೇಳಿ, ಪಟಗಳನ್ನು ಮನೆಯವರ ಎದುರಿಗೇ ಪ್ರತಿ ತೆಗೆದು, ಮೂಲವನ್ನು ಅಲ್ಲಿಯೇ ಬಿಟ್ಟುಬರುತ್ತಿದ್ದೇವೆ. ಒಂದು ಪಟವನ್ನು ಉದಾಹರಣೆಗೆ ಹೇಳಬಹುದು. ನಾಲ್ವರು ಹಮಾಲರು, ಕೈಯಲ್ಲಿ ಚೀಲ ಎತ್ತುವ ಕೊಕ್ಕೆ, ಹಿಂದೆ ಗೋಣಿಯ ಥಪ್ಪಿ. ಚೌಕಾಕಾರದ ಕಪ್ಪುಬಿಳುಪು ಪ್ರತಿ, ಬಿಳಿ ಅಂಚು. ಚೌಕವೆಂದರೆ 120 ರೋಲು, ಒಂದು ರೋಲಿಗೆ ಹನ್ನೆರಡು ಪಟ. ಬಡೋದೆಯಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್-3ರಂಥ ಕ್ಯಾಮೆರಾ. ಹಿಂದಿನ ಹಲಗೆಯ ಮೇಲೆ ಮರಾಠಿಯಲ್ಲಿ ಭಾವ ಬರೆದಿದೆ, ಕ್ವಿಂಟಲ್ ಲೆಕ್ಕದಲ್ಲಿ. ಹಳೆಯ ಮಣ, ಸೇರುಗಳು ಹೋಗಿ ಮೆಟ್ರಿಕ್ ತೂಕ ಕಡ್ಡಾಯವಾದದ್ದು 1962ರಲ್ಲಿ. ಪಟ ಅದಕ್ಕಿಂತ ಈಚಿನದೆಂದು ಧೈರ್ಯವಾಗಿ ಹೇಳಬಹುದು. ನೆರಳು ಗಿಡ್ಡವಾಗಿದೆ, ಆದ್ದರಿಂದ ಹೊತ್ತು ಮಧ್ಯಾಹ್ನದ ಸುಮಾರು. ಇಷ್ಟನ್ನು ಪಟವೇ ಹೇಳಿತು. ಹೆಸರು ಹೇಳಲು ಮನುಷ್ಯರೇ ಬೇಕು. ಆ ಮನೆಯ ಅಜ್ಜಿ ಎಡಗಡೆಯವರನ್ನು ತಮ್ಮ ಯಜಮಾನರೆಂದು, ಅವರ ಪಕ್ಕದವರನ್ನು ಯಜಮಾನರ ಸೋದರಮಾವನೆಂದು ಗುರುತಿಸಿದರು. ಮೂರನೆಯವರು "ಚಡಚಣದ ಕಡೆಯಾಂವ" ಎಂಬಷ್ಟೇ ನೆನಪು. ನಾಲ್ಕನೆಯವರು ನಗುತ್ತಿದ್ದಾರೆ. ಅವರು ಯಾರೆಂಬುದನ್ನು ಬಲ್ಲವರು ಇನ್ನೂ ಇಬ್ಬರು ಮೂವರು ಯಾರ್ಡಿನ ಸುತ್ತ ಇರಬಹುದು. ಎಲ್ಲರಿಗೂ ಎಂಬತ್ತು ದಾಟಿದೆ. ಮನೆಯವರ ಅನುಮತಿ ಪಡೆದು ಪ್ರತಿಯನ್ನು ತೆಗೆದುಕೊಂಡು ಮುಂದಿನ ಭಾನುವಾರದಿಂದ ಅವರಲ್ಲಿಗೆ ಹೋಗುತ್ತಿದ್ದೇವೆ.