ನಾಸಿಕದ ನಾಟಕಗೃಹ, ಔರಂಗಾಬಾದಿನ ತೀರ್ಪು: ರೋಚಕ ಸುದ್ದಿಯ ಮರೆಯಲ್ಲಿ ಉಳಿದ ಚರಿತ್ರೆ

ರೋಚಕ ಸುದ್ದಿಗಳಿಂದಲೂ ತಾರೆಯರ ಆರಾಧನೆಯಿಂದಲೂ ಓದುಗರು ಬೇಸತ್ತಿದ್ದಾರೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. 2024ರ ಜೂನ್ ತಿಂಗಳಲ್ಲಿ ಚಿತ್ರದುರ್ಗದ ಯುವಕನೊಬ್ಬನ ಕೊಲೆಯ ಆರೋಪದ ಮೇಲೆ ಕನ್ನಡ ಚಿತ್ರನಟರೊಬ್ಬರ ಬಂಧನವಾದಾಗ, ಸೆರೆಮನೆಯ ಊಟ, ಅಲ್ಲಿನ ಕುರ್ಚಿ, ಹೊರಗೆ ನೆರೆದ ಅಭಿಮಾನಿಗಳು ಇವೇ ವಾರಗಟ್ಟಲೆ ಸುದ್ದಿಯಾದವು. ಸತ್ತವನ ಮನೆಯ ದುಃಖ ಅವುಗಳ ನಡುವೆ ಚಿಕ್ಕದಾಯಿತು. ಇಂಥ ಬೇಸರ ಸಹಜವೇ. ಆದರೆ ಅದು ಎರಡು ದಾರಿ ಹಿಡಿಯುವುದುಂಟು: ಒಂದು, ಸುದ್ದಿಯಿಂದಲೇ ಮುಖ ತಿರುಗಿಸುವುದು; ಇನ್ನೊಂದು, ಪತ್ರಿಕೆಗಳಿಗೆ ಕಾನೂನಿನ ಕಡಿವಾಣ ಬೇಕೆಂದು ಕೇಳುವುದು. ಇವೆರಡರ ಬೆಲೆಯನ್ನೂ ತಿಳಿಯಲು ಮಹಾರಾಷ್ಟ್ರದ ಎರಡು ಪ್ರಕರಣಗಳನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಮೊದಲನೆಯದು 1909ರ ಡಿಸೆಂಬರ್ 21ರ ರಾತ್ರಿಯದು. ನಾಸಿಕದ ಕಲೆಕ್ಟರ್ ಎ. ಎಂ. ಟಿ. ಜಾಕ್ಸನ್ ಅವರಿಗೆ ವರ್ಗವಾಗಿತ್ತು. ಅವರ ಬೀಳ್ಕೊಡುಗೆಯ ಸಲುವಾಗಿ ವಿಜಯಾನಂದ ನಾಟಕಗೃಹದಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯ 'ಶಾರದಾ' ಪ್ರಯೋಗ ಏರ್ಪಟ್ಟಿತ್ತು. ಅಲ್ಲಿಗೆ ಬಂದ ಜಾಕ್ಸನ್ ಅವರನ್ನು ಹದಿಹರೆಯದ ಅನಂತ ಲಕ್ಷ್ಮಣ ಕಾನ್ಹೇರೆ ಗುಂಡಿಟ್ಟು ಕೊಂದನು. ಆತ ಓದುತ್ತಿದ್ದುದು ಔರಂಗಾಬಾದಿನಲ್ಲಿ. ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಆ ಊರು ಆಗ ರಾಯಚೂರು, ಕಲಬುರ್ಗಿ, ಬೀದರುಗಳಂತೆಯೇ ನಿಜಾಮರ ಸೀಮೆಗೆ ಸೇರಿತ್ತು. ಬಾಬಾರಾವ್ ಸಾವರ್ಕರ್ ಅವರಿಗೆ ಅದೇ ವರ್ಷ ವಿಧಿಸಿದ್ದ ಕರಿನೀರಿನ ಶಿಕ್ಷೆಗೆ ಇದು ಪ್ರತೀಕಾರವಾಗಿತ್ತು. 1910ರ ಏಪ್ರಿಲ್ 19ರಂದು ಠಾಣೆಯ ಸೆರೆಮನೆಯಲ್ಲಿ ಕಾನ್ಹೇರೆ, ಕೃಷ್ಣಾಜಿ ಗೋಪಾಲ ಕರ್ವೆ, ವಿನಾಯಕ ನಾರಾಯಣ ದೇಶಪಾಂಡೆ ಈ ಮೂವರನ್ನೂ ಗಲ್ಲಿಗೇರಿಸಲಾಯಿತು.

ಈ ಕಥೆಯನ್ನು ಹೇಳುವವರೆಲ್ಲ ನಾಟಕಗೃಹದ ಬಾಗಿಲಲ್ಲೇ ನಿಂತುಬಿಡುವುದನ್ನು ನಾವು ಕಂಡಿದ್ದೇವೆ. ಕಾರಣ ಸ್ಪಷ್ಟ. ಮಂಡಳಿಯ ಸ್ಥಾಪಕ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1905ರಲ್ಲಿ ಆ ಮಂಡಳಿಯನ್ನು ಸೇರಿದ ಬಾಲಗಂಧರ್ವರ ಸ್ತ್ರೀಪಾತ್ರಗಳ ಮೋಹ ಎಷ್ಟಿತ್ತೆಂದರೆ, ಅವರು ರಂಗದ ಮೇಲೆ ಉಟ್ಟ ಸೀರೆಯ ರೀತಿಯನ್ನು ಗೃಹಿಣಿಯರು ಅನುಕರಿಸುತ್ತಿದ್ದರು. ಕೊಲೆ, ಪಿಸ್ತೂಲು, ಪ್ರಸಿದ್ಧ ಮಂಡಳಿ ಇವು ಒಂದೇ ಸೂರಿನಡಿ ಕೂಡಿದ ಮೇಲೆ ಉಳಿದುದು ಕಣ್ಣಿಗೆ ಬೀಳುವುದು ಕಷ್ಟ. 'ಶಾರದಾ' ನಾಟಕವು ಎಳೆಯ ಹುಡುಗಿಯನ್ನು ಮುದುಕನಿಗೆ ಕೊಡುವ ಪದ್ಧತಿಯ ವಿರುದ್ಧ ಗೋವಿಂದ ಬಲ್ಲಾಳ ದೇವಲರು ಬರೆದುದೆಂಬ ಮಾತು ಕೂಡ ಆ ಕಥೆಗಳಲ್ಲಿ ವಿರಳ.

ಸತ್ತ ಜಾಕ್ಸನ್ ಯಾರು? ಸಂಸ್ಕೃತ ಬಲ್ಲ ಅವರನ್ನು ಜನ 'ಪಂಡಿತ ಜಾಕ್ಸನ್' ಎನ್ನುತ್ತಿದ್ದರು. 1896ರ ಮುಂಬಯಿ ಗೆಜೆಟಿಯರಿನ ಮೊದಲ ಸಂಪುಟದಲ್ಲಿ ಫ್ಲೀಟ್ ಬರೆದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬಳಸದ ಕನ್ನಡ ಸಂಶೋಧಕರಿಲ್ಲ. ಅದೇ ಸಂಪುಟದ ಇನ್ನೊಂದು ಭಾಗದಲ್ಲಿ, ಭಗವಾನ್‌ಲಾಲ್ ಇಂದ್ರಜಿಯವರು ಬಿಟ್ಟುಹೋದ ಗುಜರಾತಿನ ಪ್ರಾಚೀನ ಚರಿತ್ರೆಯನ್ನು ಪೂರ್ಣಗೊಳಿಸುವಲ್ಲಿ ಜಾಕ್ಸನ್ ಅವರ ಕೈ ಇದೆ. ಅವರು ಸಂಗ್ರಹಿಸಿದ ಜಾನಪದ ಟಿಪ್ಪಣಿಗಳನ್ನು ಎಂಥೋವೆನ್ ಅವರು 1914ರಲ್ಲಿ ಗುಜರಾತಿನ ಸಂಪುಟವಾಗಿಯೂ 1915ರಲ್ಲಿ ಕೊಂಕಣದ ಸಂಪುಟವಾಗಿಯೂ ಹೊರತಂದರು. ಮಳೆ, ಬೆಳೆ, ದೆವ್ವ, ಗಿಡಮರಗಳ ಕುರಿತು ಹಳ್ಳಿಯ ಶಾಲಾಮಾಸ್ತರರು ಕೊಟ್ಟ ಉತ್ತರಗಳು ಅಲ್ಲಿವೆ. ಆಳುವ ಅಧಿಕಾರಿಯ ಕುತೂಹಲವೆಂದು ಅದನ್ನು ತಳ್ಳಿಹಾಕುವವರಿದ್ದಾರೆ; ಆ ಮಾಸ್ತರರ ಮಾತುಗಳನ್ನು ತಳ್ಳಿಹಾಕಲು ನಮಗೆ ಮನಸ್ಸಿಲ್ಲ.

ಮರೆಯಾದ ಇನ್ನೊಂದು ಸಂಗತಿ ನ್ಯಾಯಪೀಠದ್ದು. ಡಿಸೆಂಬರ್ 1910ರಲ್ಲಿ ನಾಸಿಕ ಒಳಸಂಚಿನ ಮೊಕದ್ದಮೆಯ ತೀರ್ಪಿತ್ತ ಮೂವರು ನ್ಯಾಯಮೂರ್ತಿಗಳಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ ಒಬ್ಬರು. 'ಇಂದುಪ್ರಕಾಶ'ದ ಇಂಗ್ಲಿಷ್ ವಿಭಾಗಕ್ಕೆ ಒಂದು ಕಾಲದಲ್ಲಿ ಸಂಪಾದಕರಾಗಿದ್ದವರು, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು ಅವರು.

ಪತ್ರಿಕೆಗಳ ಮೇಲೆ ಬಿದ್ದ ಹೊಡೆತ ಮಾತ್ರ ಎಲ್ಲಕ್ಕಿಂತ ದೀರ್ಘವಾದುದು. ಕೊಲೆಯಾಗಿ ಎರಡು ತಿಂಗಳು ತುಂಬುವ ಮೊದಲೇ, 1910ರ ಫೆಬ್ರವರಿಯಲ್ಲಿ, ಭಾರತೀಯ ಮುದ್ರಣ ಕಾಯಿದೆ ಜಾರಿಗೆ ಬಂದಿತು. ಮಸೂದೆಯನ್ನು ಮಂಡಿಸಿದವರು ಜನಾಂಗ ಅಧ್ಯಯನಕ್ಕೆ ಹೆಸರಾದ ಹರ್ಬರ್ಟ್ ರಿಸ್ಲೆ. ಹೊಸ ಮುದ್ರಣಾಲಯ 500ರಿಂದ 2,000 ರೂಪಾಯಿ ಠೇವಣಿ ಇಡಬೇಕು. ಇರುವ ಮುದ್ರಣಾಲಯದಿಂದ 5,000ದವರೆಗೂ ಕೇಳಬಹುದು. ಸರಕಾರಕ್ಕೆ ಒಪ್ಪದ ಬರಹ ಕಂಡರೆ ಠೇವಣಿ ಮುಟ್ಟುಗೋಲು. ಅದರ ಗುರಿ ರೋಚಕತೆಯಾಗಿರಲಿಲ್ಲ, ರಾಜದ್ರೋಹವಾಗಿತ್ತು ಎಂಬುದು ನಿಜ. ಆದರೆ ಪತ್ರಿಕೆಯನ್ನು ಹಣದ ಭಯದಿಂದ ಹದ್ದಿನಲ್ಲಿಡುವ ಉಪಾಯ ಸಣ್ಣ ಪತ್ರಿಕೆಗೆ ಮೊದಲು ತಟ್ಟುತ್ತದೆ. ಧಣಿಯ ಪತ್ರಿಕೆ ಠೇವಣಿ ಕಟ್ಟೀತು, ಒಂದೇ ಕೈಯಚ್ಚಿನ ಯಂತ್ರವನ್ನು ನಂಬಿದವನು ಕಟ್ಟಲಾರ. ಈ ಕಾಯಿದೆ ರದ್ದಾದುದು 1922ರಲ್ಲಿ. ಇಂದು ಬೇಸರದಿಂದ ಕಡಿವಾಣ ಕೇಳುವವರು ಈ ಹನ್ನೆರಡು ವರ್ಷಗಳನ್ನು ಓದಬೇಕೆಂಬುದು ನಮ್ಮ ಅಭಿಪ್ರಾಯ.

ಕಾನ್ಹೇರೆ ಓದಿದ ಊರಿನಲ್ಲೇ, ನೂರಹನ್ನೊಂದು ವರ್ಷಗಳ ಬಳಿಕ, ಬೇರೊಂದು ದಾರಿ ಕಾಣಿಸಿತು. 2020ರ ಸೋಂಕಿನ ಕಾಲದಲ್ಲಿ ದೆಹಲಿಯ ತಬ್ಲೀಘೀ ಸಮಾವೇಶಕ್ಕೆ ಬಂದಿದ್ದ ವಿದೇಶಿಯರೇ ರೋಗ ಹರಡಿದರೆಂದು ವಾಹಿನಿಗಳು ಹಗಲಿರುಳು ಬಿತ್ತರಿಸಿದವು. ಅಂಥ 29 ವಿದೇಶಿಯರ ಮೇಲೆ ಅಹಮದನಗರ ಜಿಲ್ಲೆಯಲ್ಲಿ ಹೂಡಿದ್ದ ಮೊಕದ್ದಮೆಗಳನ್ನು ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠ 2020ರ ಆಗಸ್ಟ್ 21ರಂದು ರದ್ದುಪಡಿಸಿತು. ಮುದ್ರಿತ ಹಾಗೂ ವಿದ್ಯುನ್ಮಾನ ಮಾಧ್ಯಮಗಳಲ್ಲಿ ಇವರ ವಿರುದ್ಧ ಭಾರಿ ಅಪಪ್ರಚಾರ ನಡೆಯಿತೆಂದೂ ವಿಪತ್ತಿನ ಕಾಲದಲ್ಲಿ ಇವರನ್ನು ಬಲಿಪಶುಗಳಾಗಿ ಆರಿಸಿಕೊಂಡ ಸಂಭವವಿದೆಯೆಂದೂ ನ್ಯಾಯಮೂರ್ತಿ ಟಿ. ವಿ. ನಲವಡೆ ಬರೆದರು. ಪೀಠ ಯಾವ ವಾಹಿನಿಯ ಬಾಯಿಯನ್ನೂ ಮುಚ್ಚಿಸಲಿಲ್ಲ. ಸುದ್ದಿಯನ್ನು ಬದಿಗಿಟ್ಟು, ಕಡತದಲ್ಲಿ ಪುರಾವೆಯಿದೆಯೇ ಎಂದಷ್ಟೇ ನೋಡಿತು.

ಆ ತೀರ್ಪೂ ಒಂದೆರಡು ದಿನ ರೋಚಕ ಸುದ್ದಿಯೇ ಆಯಿತು. 'ಬಲಿಪಶು' ಎಂಬ ಪದ ಎಲ್ಲ ಶಿರೋನಾಮೆಗಳಲ್ಲೂ ಕಾಣಿಸಿಕೊಂಡಿತು. ಪೀಠದ ಇನ್ನೊಬ್ಬ ಸದಸ್ಯರಾದ ನ್ಯಾಯಮೂರ್ತಿ ಎಂ. ಜಿ. ಸೇವಲೀಕರ್ ಅವರು ಅಂತಿಮ ಆದೇಶವನ್ನು ಒಪ್ಪಿಯೂ ಕೆಲವು ಕಾರಣಗಳ ಬಗ್ಗೆ ತಮ್ಮ ಭಿನ್ನಮತವನ್ನು ಪ್ರತ್ಯೇಕವಾಗಿ ದಾಖಲಿಸಿದರು. ಈ ಪ್ರಕರಣವನ್ನು ಅಭ್ಯಾಸ ಮಾಡುವವರು ಎರಡು ಬರಹಗಳನ್ನೂ ಒಟ್ಟಿಗೆ ಇಟ್ಟು ಓದತಕ್ಕದ್ದು.