ಲ್ಯಾಕ್ಸ್‌ಟನ್ ಗ್ರಾಮದ ಬಯಲು ಹೊಲಗಳು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರಾಂತದ ಲ್ಯಾಕ್ಸ್‌ಟನ್ ಎಂಬ ಚಿಕ್ಕ ಗ್ರಾಮವು 1086ರ ಡೂಮ್ಸ್‌ಡೇ ದಾಖಲೆಯಲ್ಲಿಯೇ ಉಕ್ತವಾಗಿರುವುದು. 18-19ನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಶಾಸನಗಳಿಂದ ಆ ದೇಶದ ಬಯಲು ಹೊಲಗಳಿಗೆ ಬಹುಮಟ್ಟಿಗೆ ಬೇಲಿ ಬಿದ್ದು, ಸಣ್ಣ ರೈತರನೇಕರು ಹುಲ್ಲುಗಾವಲಿನ ಹಕ್ಕನ್ನು ಕಳೆದುಕೊಂಡರು. ಇಲ್ಲಿಯಾದರೋ ಪಡುವಣ ಹೊಲ, ತೆಂಕಣ ಹೊಲ, ಗಿರಣಿ ಹೊಲಗಳೆಂಬ ಮೂರು ಬಯಲುಗಳು, ಕಿರಿದಾಗಿಯಾದರೂ, ಉಳಿದುಬಂದಿವೆ. ಚಳಿಗಾಲದ ಗೋದಿ, ವಸಂತದ ಬೆಳೆ, ಬೀಳು ಎಂಬುದು ಇವುಗಳ ಪೂರ್ವದ ಸರದಿ. ರೈತರ ಬಿಡಿಬಿಡಿ ಪಟ್ಟಿಗಳನ್ನು ಮಾರ್ಕ್ ಪಿಯರ್ಸನು 1635ರ ಭೂಪಟದಲ್ಲಿ ಗುರುತಿಸಿರುವನು.

ಈ ಪದ್ಧತಿಯನ್ನು ಕಾಪಾಡಿದುದು ಪತ್ರವೊಂದೇ ಅಲ್ಲ. ಗ್ರಾಮನ್ಯಾಯಸಭೆಯ ಪಂಚರು ಇಂದಿಗೂ ವರ್ಷಕ್ಕೊಮ್ಮೆ ಹೊಲವನ್ನು ಸುತ್ತಿ ನೋಡುವರು. ಎಲ್ಲೆ ಮೀರಿ ಉತ್ತವನಿಗೆ ದಂಡವುಂಟು. ಊರ ಬಡಗಣ ದಿಕ್ಕಿನಲ್ಲಿ ನಾರ್ಮನ್ ಪ್ರಭುಗಳ ಕೋಟೆಯು ಹುಲ್ಲು ಬೆಳೆದ ದಿಬ್ಬವಾಗಿರುವುದು. ಆಳಿದವರ ಕೋಟೆ ಅಳಿದರೂ ಉಳುವವರ ಕಟ್ಟಳೆ ಉಳಿದಿದೆ. ಗ್ರಾಮಚರಿತ್ರಕಾರರು ಮೊದಲು ಪರಿಶೀಲಿಸಬೇಕಾದುದು ಇದನ್ನೇ.